ಫ್ಲಾರೆನ್ಸ್‌ನಲ್ಲಿ ಒಂದೇ ದಿನ: ಗುಮ್ಮಟ ಹತ್ತಬೇಕೋ, ಗಂಟೆಗೋಪುರ ಹತ್ತಬೇಕೋ?

ರೋಮ್‌ನಿಂದ ವೇಗದ ರೈಲಿನಲ್ಲಿ ಒಂದೂವರೆ ಗಂಟೆ ಪ್ರಯಾಣ ಮಾಡಿ, ಸಂಜೆಗೆ ವಾಪಸ್ ಹೊರಡುವವರು ಊರನ್ನು ಮೇಲಿಂದ ನೋಡಲು ಎರಡೆರಡು ಕಡೆ ಹತ್ತುವುದು ಕಷ್ಟ. ಊರಿನ ದೊಡ್ಡ ಚರ್ಚಾದ ಕೆಥೆಡ್ರಲ್‌ನ ಗುಮ್ಮಟ, ಅದರ ಪಕ್ಕದ ಗಂಟೆಗೋಪುರ, ಪಲಾತ್ಸೊ ವೆಕ್ಕಿಯೊದ ಗೋಪುರ, ಹೀಗೆ ಇರುವ ಮೂರು ಎತ್ತರಗಳನ್ನೂ ಹತ್ತಿ ನೋಡಿದ ಮೇಲೆ ನಮ್ಮ ಓಟು ಗಂಟೆಗೋಪುರಕ್ಕೆ. ಹೆಸರು ದೊಡ್ಡದಿರುವುದು ಗುಮ್ಮಟದ್ದು, ನಿಜ. ಆದರೆ ಗುಮ್ಮಟದ ಮೇಲೆ ನಿಂತರೆ ಕಾಣದಿರುವುದು ಗುಮ್ಮಟ ಒಂದೇ!

ವಾಸ್ತುಶಿಲ್ಪಿ ಬ್ರುನೆಲ್ಲೆಸ್ಕಿ 1420ರಿಂದ 1436ರವರೆಗೆ ಕಟ್ಟಿಸಿದ ಈ ಗುಮ್ಮಟಕ್ಕೆ 463 ಮೆಟ್ಟಿಲು, ಲಿಫ್ಟ್ ಇಲ್ಲ. ವಿಜಯಪುರದ ಗೋಲಗುಮ್ಮಟದಲ್ಲಿ ಮೂಲೆಯ ಗೋಪುರಗಳೊಳಗೆ ಮೆಟ್ಟಿಲೇರಿ ಗುಮ್ಮಟದ ಬುಡ ತಲುಪುತ್ತೇವಲ್ಲ, ಇಲ್ಲಿ ಹಾಗಲ್ಲ. ಗುಮ್ಮಟಕ್ಕೆ ಒಳಗೊಂದು ಹೊರಗೊಂದು ಎರಡು ಚಿಪ್ಪು; ಅವುಗಳ ನಡುವಿನ ಸಂದಿಯಲ್ಲೇ ದಾರಿ. ಒಂದು ಕಡೆಯ ಗೋಡೆ ತಲೆಯ ಮೇಲೆ ವಾಲುತ್ತಾ ಬರುತ್ತದೆ, ಎತ್ತರದವರು ಕುತ್ತಿಗೆ ಬಗ್ಗಿಸಿಯೇ ನಡೆಯಬೇಕು. ಕೆಳಗಿನಿಂದ ಆಧಾರಕ್ಕೆ ಮರದ ಅಡಿಗಟ್ಟು ಹಾಕದೆ ಇಟ್ಟಿಗೆಗಳನ್ನು ಓರೆಯಾಗಿ ಹೆಣೆದು ಕಟ್ಟಿದ ಬಗೆಯೂ ಅಲ್ಲಲ್ಲಿ ಕಣ್ಣಿಗೆ ಬೀಳುತ್ತದೆ. ನಡುದಾರಿಯಲ್ಲಿ ಒಳಗಿನ ಗ್ಯಾಲರಿಗೆ ಬಂದರೆ ಚಿತ್ರಕಾರ ವಸಾರಿ ಶುರುಮಾಡಿ ಜುಕ್ಕಾರಿ 1579ರಲ್ಲಿ ಮುಗಿಸಿದ, ಕ್ರೈಸ್ತರು ನಂಬುವ ಲೋಕಾಂತ್ಯದ ‘ಅಂತಿಮ ತೀರ್ಪಿನ’ ಚಿತ್ರ ತೀರಾ ಹತ್ತಿರ. ಕಟ್ಟಡಗಳ ಹುಚ್ಚಿದ್ದವರು ಬೇರೆ ಏನನ್ನೂ ಯೋಚಿಸದೆ ಇದನ್ನೇ ಹತ್ತಲಿ.

ತೊಂದರೆ ಟಿಕೆಟ್ಟಿನದು. ಗುಮ್ಮಟ ಸೇರಿರುವುದು ಬ್ರುನೆಲ್ಲೆಸ್ಕಿ ಪಾಸ್‌ನಲ್ಲಿ ಮಾತ್ರ. ದಿನ, ಸಮಯ ಎರಡನ್ನೂ ಮೊದಲೇ ಆರಿಸಬೇಕು. ಸೀಸನ್‌ನಲ್ಲಿ ಎಷ್ಟೋ ದಿನ ಮುಂಚೆಯೇ ಖಾಲಿ. ರೈಲು ತಡವಾಗಿ ಸಮಯ ತಪ್ಪಿದರೆ ದುಡ್ಡು ಹೋದಂತೆಯೇ. ಹಾಗಾಗಿ ರೈಲು ತಲುಪುವ ಹೊತ್ತಿಗೂ ಹತ್ತುವ ಸಮಯಕ್ಕೂ ನಡುವೆ ಎರಡು ಗಂಟೆಯಾದರೂ ಬಿಡಿ. ಬಾಗಿಲು ಕೆಥೆಡ್ರಲ್‌ನ ಉತ್ತರ ಪಕ್ಕದ ಪೋರ್ತಾ ದೆಲ್ಲಾ ಮಾಂದೋರ್ಲಾ. ಮುಂಭಾಗದಲ್ಲಿ ಕಾಣುವ ಉದ್ದನೆಯ ಸಾಲು ಕೆಥೆಡ್ರಲ್ ಒಳಗೆ ಉಚಿತವಾಗಿ ಹೋಗುವವರದು. ಅದರಲ್ಲಿ ನಿಂತು ಸಮಯ ಕಳೆದುಕೊಳ್ಳುವವರು ಕಡಿಮೆಯೇನಿಲ್ಲ. ಭುಜ, ಮೊಣಕಾಲು ಮುಚ್ಚುವ ಬಟ್ಟೆ ಬೇಕು. ದೊಡ್ಡ ಬ್ಯಾಗ್ ಬಿಡುವುದಿಲ್ಲ, ಸ್ಟೇಷನ್ನಿನಲ್ಲೇ ಇಟ್ಟು ಬನ್ನಿ.

ಚಿತ್ರಕಾರ ಜೊತ್ತೋ 1334ರಲ್ಲಿ ಶುರುಮಾಡಿದ ಗಂಟೆಗೋಪುರಕ್ಕೆ 414 ಮೆಟ್ಟಿಲು, ಎತ್ತರ ಸುಮಾರು 85 ಮೀಟರ್. ಮೆಟ್ಟಿಲ ಲೆಕ್ಕದಲ್ಲಿ ಹೆಚ್ಚು ಉಳಿತಾಯವಿಲ್ಲ, ಆದರೂ ಕಾಲಿಗೆ ಇದೇ ಹಗುರ. ದೊಡ್ಡ ಕಿಟಕಿಗಳಿರುವ ಅಂತಸ್ತುಗಳಲ್ಲಿ ನಿಂತು ಉಸಿರು ತಗೊಳ್ಳಬಹುದು, ಗಾಳಿಯಾಡುತ್ತದೆ, ಸಾಕೆನಿಸಿದರೆ ಅಲ್ಲಿಂದಲೇ ಇಳಿಯಬಹುದು. ಇಳಿಯುವವರೂ ಅದೇ ಕಿರಿದಾದ ಮೆಟ್ಟಿಲಲ್ಲಿ ಎದುರಾಗುವುದು ಕಿರಿಕಿರಿ. ತುದಿಯಲ್ಲಿ ಸುತ್ತ ಜಾಲರಿ ಇದೆ. ಫೋನಿನ ಲೆನ್ಸ್ ಅದರ ಕಿಂಡಿಗೆ ಅಂಟಿಸಿ ಹಿಡಿದರೆ ಫೋಟೊ ಸರಿಯಾಗಿ ಬರುತ್ತದೆ. ಗುಮ್ಮಟ ಇರುವುದು ಗೋಪುರದ ಪೂರ್ವಕ್ಕೆ. ಬೆಳಿಗ್ಗೆ ಸೂರ್ಯ ಅದರ ಹಿಂದಿರುವುದರಿಂದ ಹೆಂಚುಗಳು ಕಪ್ಪಾಗಿ ಕಾಣುತ್ತವೆ. ಮಧ್ಯಾಹ್ನ ಮೂರರ ನಂತರ ಹತ್ತಿ, ಕೆಂಪು ಹೆಂಚು, ಬಿಳಿ ಏಣುಗಳು, ಮೇಲೆ ಇರುವೆಗಳಂತೆ ಸರಿದಾಡುವ ಜನ ಎಲ್ಲವೂ ಸ್ಪಷ್ಟ. ಇದಕ್ಕೆ ಜೊತ್ತೋ ಪಾಸ್ ಸಾಕು, ಬೆಲೆಯೂ ಕಡಿಮೆ. ಗುಮ್ಮಟದಷ್ಟು ಬೇಗ ಖಾಲಿಯಾಗುವುದೂ ಇಲ್ಲ.

ಮೂರನೆಯದು ಊರಿನ ಹಳೆಯ ಆಡಳಿತ ಭವನವಾದ ಪಲಾತ್ಸೊ ವೆಕ್ಕಿಯೊದ ಆರ್ನೋಲ್ಫೊ ಗೋಪುರ. ಇದರ ಟಿಕೆಟ್ ಬೇರೆ. ಗುಮ್ಮಟ, ಗಂಟೆಗೋಪುರ ಎರಡೂ ಉತ್ತರಕ್ಕೆ ಕಾಣುವುದರಿಂದ ಬೆಳಕಿನ ತಕರಾರಿಲ್ಲ. ಧರ್ಮಬೋಧಕ ಸನ್ಯಾಸಿ ಸವೊನರೋಲಾನನ್ನು 1498ರಲ್ಲಿ ಕೂಡಿಹಾಕಿದ್ದ ಪುಟ್ಟ ಕೋಣೆಯೂ ದಾರಿಯಲ್ಲೇ. ಆದರೆ ಮಳೆ ಬಂದರೆ ಗೋಪುರ ಮುಚ್ಚುತ್ತಾರೆ.

ಮಂಡಿನೋವಿನ ಅಪ್ಪ ಅಮ್ಮ ಜೊತೆಗಿದ್ದರೆ ಮೂರನ್ನೂ ಬಿಟ್ಟು ಕೆಥೆಡ್ರಲ್ ಹಿಂದಿನ ಒಪೆರಾ ದೆಲ್ ದುವೋಮೊ ಮ್ಯೂಸಿಯಂಗೆ ಕರೆದೊಯ್ಯಿರಿ. ಲಿಫ್ಟ್ ಇದೆ, ತಾರಸಿಯಿಂದ ಗುಮ್ಮಟ ಎದುರಿಗೇ ಕಾಣುತ್ತದೆ. ಕೆಥೆಡ್ರಲ್ ಎದುರಿನ ದೀಕ್ಷಾಸ್ನಾನದ ಮಂದಿರಕ್ಕೆಂದು ಶಿಲ್ಪಿ ಗಿಬೆರ್ತಿ ಮಾಡಿದ ಕಂಚಿನ ‘ಸ್ವರ್ಗದ ಬಾಗಿಲು’, ಅದರ ಅಸಲಿ ಇರುವುದೂ ಅಲ್ಲೇ. ಚೌಕದಲ್ಲಿ ಜನ ಮುಗಿಬಿದ್ದು ಫೋಟೊ ತೆಗೆಯುವುದು ನಕಲಿನದ್ದು. ತಿಂಗಳ ಮೊದಲ ಮಂಗಳವಾರ ಮ್ಯೂಸಿಯಂ ರಜೆ.

ಯಾವ ಟಿಕೆಟ್ಟೂ ಸಿಗದಿದ್ದರೆ ನದಿಯಾಚೆ ಗುಡ್ಡದ ಮೇಲಿನ ಚೌಕ ಪಿಯಾತ್ಸಾಲೆ ಮಿಕೆಲಾಂಜೆಲೊ ಇದ್ದೇ ಇದೆ, ಪುಕ್ಕಟೆ. ಸೂರ್ಯಾಸ್ತಕ್ಕೆ ಸಂತೆಯಷ್ಟು ಜನ. ಅಲ್ಲಿಂದ ಇನ್ನೂ ಸ್ವಲ್ಪ ಮೇಲೆ, ಸಾನ್ ಮಿನಿಯಾತೊ ಚರ್ಚಿನ ಮುಂದೆ ನಿಂತರೆ ನೋಟ ಅದೇ, ನೂಕುನುಗ್ಗಲು ಕಡಿಮೆ.