ಸಾವನದುರ್ಗಕ್ಕೆ ಗುಂಪಿನಲ್ಲಿ ಹೋಗುವವರೇ, ಬಂಡೆ ಕೆಳಗೆ ಒಲೆ ಹಚ್ಚಲು ಬಿಡಬೇಡಿ

ಮಾರ್ಚ್‌ನ ಒಂದು ಭಾನುವಾರ ತಂಗಿ ಮಗನನ್ನು ಕರೆದುಕೊಂಡು ಮಾಗಡಿ ಹತ್ತಿರದ ಸಾವನದುರ್ಗ ಹತ್ತಲು ಹೋಗಿದ್ದೆ. ಹುಡುಗ ಇನ್ನೂ ಒಂಬತ್ತನೇ ಕ್ಲಾಸು. ವಾಟ್ಸ್ಆ್ಯಪ್‌ನಲ್ಲಿ ಬಂದ ಟ್ರೆಕ್ಕಿಂಗ್ ಜಾಹೀರಾತು ನೋಡಿ ದುಡ್ಡು ಕಟ್ಟಿದ್ದೆ. ತಲೆಗೆ 900 ರೂಪಾಯಿ. ಬಸ್ಸು, ತಿಂಡಿ, ಅರಣ್ಯ ಇಲಾಖೆ ಪರ್ಮಿಷನ್ ಎಲ್ಲಾ ಸೇರಿದೆ ಅಂದಿದ್ದರು. ಬೆಳಗಿನ ಜಾವ ಬೆಂಗಳೂರಿನ ವಿಜಯನಗರದಲ್ಲಿ ಬಸ್ಸು ಹತ್ತಿದೆವು.

ಹತ್ತುವಾಗ ಏನೂ ತೊಂದರೆ ಆಗಲಿಲ್ಲ. ಸಾವನದುರ್ಗದ ಎರಡು ಗುಡ್ಡಗಳಲ್ಲಿ ನಾವು ಹತ್ತಿದ ಕರಿಗುಡ್ಡದ ನೆತ್ತಿ 1,226 ಮೀಟರ್ ಎತ್ತರ. ಮೇಲಿನ ನಂದಿ ಮಂಟಪದಲ್ಲಿ ಕೂತು ಮಂಚನಬೆಲೆ ಜಲಾಶಯ ನೋಡಿದೆವು.

ಇಳಿದು ಬರುವಾಗ ಟ್ರೆಕ್ ಲೀಡರ್ ದಾರಿ ಬಿಟ್ಟು ಪಕ್ಕದ ಕಾಡಿಗೆ ಕರೆದುಕೊಂಡು ಹೋದ. ಅಲ್ಲೊಂದು ದೊಡ್ಡ ಬಂಡೆ ಮುಂದಕ್ಕೆ ಚಾಚಿಕೊಂಡಿತ್ತು, ಕೆಳಗೆ ಒಳ್ಳೆ ನೆರಳು. ಮೂರು ಕಲ್ಲಿಟ್ಟು, ಒಣ ಪುರಲೆ ಆರಿಸಿ, ನೂಡಲ್ಸ್ ಬೇಯಿಸಲು ಬೆಂಕಿ ಹಚ್ಚಿದ. ಕಾಡಲ್ಲಿ ಬೆಂಕಿ ಹಾಕಬಹುದಾ ಅಂತ ಕೇಳಿದೆ. "ಏನೂ ಆಗಲ್ಲ ಸರ್, ಪ್ರತಿ ವಾರ ಮಾಡ್ತೀವಿ" ಅಂದ. ನಾನು ಸುಮ್ಮನಾದೆ. ಸುಮ್ಮನಾಗಬಾರದಿತ್ತು.

"ಮಾವಾ, ಮೇಲೆ ಏನೋ ಅಲ್ಲಾಡ್ತಿದೆ ನೋಡು" ಅಂದ ಹುಡುಗ. ಬಂಡೆಯ ಹೊಟ್ಟೆಗೆ ಅಂಟಿಕೊಂಡು ನಾಲ್ಕೈದು ಕಪ್ಪು ಹಾಸುಗಳು ನೇತಾಡುತ್ತಿದ್ದವು. ನೀರಿಳಿದ ಕಲೆ ಅಂದುಕೊಂಡಿದ್ದೆ. ಹೊಗೆ ತಾಗುತ್ತಿದ್ದಂತೆ, ಗಾಳಿಗೆ ರಾಗಿ ಹೊಲ ಬಾಗಿದ ಹಾಗೆ ಆ ಕಪ್ಪಿನ ಮೇಲೆ ಒಂದು ಅಲೆ ಸರ್ರನೆ ಹಾದುಹೋಯಿತು. ಹಿಂದೆಯೇ ಇನ್ನೊಂದು. ಹೆಜ್ಜೇನು! ಹತ್ತಿರ ಬರಬೇಡ ಅಂತ ಅವು ಹೀಗೆ ಎಚ್ಚರಿಸುತ್ತವೆ ಅಂತ ಆಮೇಲೆ ತಿಳಿಯಿತು. ಆಗಲೇ ಎದ್ದು ದೂರ ಹೋಗಬೇಕಿತ್ತು. ನಾವು ಮೊಬೈಲ್ ತೆಗೆದೆವು.

ಆಮೇಲೆ ನೆನಪಿರುವುದು ಆ ಸದ್ದು ಒಂದೇ. ಕೆಲವರು ಟವೆಲ್ ಬೀಸಿದರು, ಅವರಿಗೇ ಜಾಸ್ತಿ ಕಚ್ಚಿದವು. ದನ ಮೇಯಿಸುತ್ತಿದ್ದ ಅಜ್ಜ ಒಬ್ಬರು ದೂರದಿಂದ ಕೂಗಿದರು: "ಜೇನು ಎದ್ದವೆ, ಮಕ ಮುಚ್ಕೊಂಡು ಓಡ್ರಪ್ಪಾ, ನಿಲ್ಬ್ಯಾಡಿ!" ಶರ್ಟನ್ನು ಹುಡುಗನ ತಲೆ ಮೇಲೆ ಎಳೆದು, ಕೈ ಹಿಡಿದು ಓಡಿದೆ. ಅವನಿಗೆ ಹದಿನಾಲ್ಕು ಕಡೆ ಕಚ್ಚಿತ್ತು. ಮಾಗಡಿ ಆಸ್ಪತ್ರೆ ತಲುಪುವಷ್ಟರಲ್ಲಿ ಎರಡೂ ಕಣ್ಣು ಊದಿ ಮುಚ್ಚಿಹೋಗಿದ್ದವು. ಮೂರು ದಿನ ನರಳಿದ. ಈಗ ಆರಾಮಾಗಿದ್ದಾನೆ.

ದಯವಿಟ್ಟು ಇದನ್ನು ನೆನಪಿಡಿ. ಒಂದು ಹೆಜ್ಜೇನು ಕಚ್ಚಿದರೆ ಆ ಜಾಗದಿಂದ ಬಾಳೆಹಣ್ಣಿನಂಥ ವಾಸನೆ ಹೊರಡುತ್ತದೆ. ಉಳಿದ ಹುಳುಗಳಿಗೆ ಅದೇ ಕರೆ. ಅದಕ್ಕೇ ನಿಂತು ಕೈ ಬೀಸಬೇಡಿ, ಮುಖ ಮುಚ್ಚಿಕೊಂಡು ದೂರ ಓಡಿ. ನೀರಿಗೆ ಹಾರಬೇಡಿ, ತಲೆ ಎತ್ತುವುದನ್ನೇ ಅವು ಮೇಲೆ ಕಾಯುತ್ತಿರುತ್ತವೆ. ಚರ್ಮದಲ್ಲಿ ಉಳಿದ ಮುಳ್ಳು ವಿಷ ಬಿಡುತ್ತಲೇ ಇರುತ್ತದೆ. ದೂರ ಬಂದ ಕೂಡಲೇ ಉಗುರಿನಿಂದಲೋ ಎಟಿಎಂ ಕಾರ್ಡಿನಿಂದಲೋ ಕೆರೆದು ತೆಗೆಯಿರಿ. ಉಸಿರಾಟಕ್ಕೆ ತೊಂದರೆ, ವಾಂತಿ, ತಲೆಸುತ್ತು ಬಂದರೆ ಅಥವಾ ತುಂಬಾ ಕಡೆ ಕಚ್ಚಿದ್ದರೆ ಮನೆಮದ್ದು ಬೇಡ, ನೇರ ಆಸ್ಪತ್ರೆಗೆ ಹೋಗಿ. ಕಾಡಿಗೆ ಹೊರಡುವಾಗ ಸೆಂಟು ಹಾಕಿಕೊಳ್ಳುವುದೂ ಬೇಡ.

ಜೇನಿನದು ತಪ್ಪಲ್ಲ. ಅವುಗಳ ಮನೆ ಕೆಳಗೆ ಹೊಗೆ ಹಾಕಿದ್ದು ನಾವು. 1963ರ ಕರ್ನಾಟಕ ಅರಣ್ಯ ಕಾಯ್ದೆ ಪ್ರಕಾರ ಮೀಸಲು ಅರಣ್ಯದಲ್ಲಿ ಬೆಂಕಿ ಹಚ್ಚುವುದು ಅಪರಾಧ ಕೂಡ.

ಆ ಸಂಘಟಕರು ಈಗ ಫೋನ್ ಎತ್ತುತ್ತಿಲ್ಲ. ಪರ್ಮಿಷನ್ ಚೀಟಿ ಇವತ್ತಿನವರೆಗೂ ತೋರಿಸಿಲ್ಲ. ಚಾರಣಕ್ಕೆ ಅರಣ್ಯ ಇಲಾಖೆಯದೇ ಆನ್‌ಲೈನ್ ಬುಕಿಂಗ್ ಇದೆ. ಬಸ್ಸು ಹತ್ತುವ ಮುಂಚೆಯೇ ಟಿಕೆಟ್ ಕೇಳಿ, ಅದರಲ್ಲಿ ನಿಮ್ಮ ಹೆಸರು ಇದೆಯಾ ನೋಡಿ. ಇಲ್ಲದಿದ್ದರೆ ಅಲ್ಲಿಂದಲೇ ಮನೆಗೆ ವಾಪಸ್ ಹೋಗಿ.