ಒಂದು ದೀಪಾವಳಿ ಸಂಚಿಕೆಗೆ ಮೂರು ಜಾತಕ

ಸಂಘದ ಕಪಾಟಿನಿಂದ ನಾನು ಮೊದಲು ಕೈಗೆತ್ತಿಕೊಂಡದ್ದು ಒಂದು ಹಳೇ ದೀಪಾವಳಿ ಸಂಚಿಕೆ. ಪಿನ್ನು ತುಕ್ಕು ಹಿಡಿದು ಕಾಗದಕ್ಕೆ ಕಂದು ಕಲೆ ಬಿದ್ದಿತ್ತು. ಮುಖಪುಟದ ಮೇಲೆ ‘ವಿಜಯ ಸಂ. ದೀಪಾವಳಿ’, ಕೆಳಗೆ ‘ಬೊಂಬಾಯಿ’, ಮೂಲೆಯಲ್ಲಿ ‘ಬೆಲೆ 8 ಆಣೆ’. ಇಸವಿ ಎಲ್ಲೂ ಇಲ್ಲ.

ನಾನಿರುವುದು ಮುಂಬಯಿಯ ಮುಲುಂಡ್‌ನಲ್ಲಿ. ಬ್ಯಾಂಕ್ ಕೆಲಸದಿಂದ ನಿವೃತ್ತಿಯಾದ ಮೇಲೆ ನಮ್ಮ ಕಡೆಯ ಕನ್ನಡ ಸಂಘದ ಹಳೇ ಪುಸ್ತಕಗಳನ್ನು ಸ್ಕ್ಯಾನ್ ಮಾಡುವ ಕೆಲಸ ಮೈಮೇಲೆ ಹಾಕಿಕೊಂಡೆ. ಸ್ಕ್ಯಾನ್ ಮಾಡುವುದು ಕಷ್ಟವೇ ಅಲ್ಲ, ಮಧ್ಯಾಹ್ನದ ಸೀರಿಯಲ್ ನೋಡುತ್ತಲೂ ಮಾಡಬಹುದು. ಕಷ್ಟ ಆಮೇಲಿನದು. ಕಂಪ್ಯೂಟರಿನಲ್ಲಿ ‘ಸ್ಕ್ಯಾನ್ 47’, ‘ಸ್ಕ್ಯಾನ್ 48’ ಅಂತ ಸಾಲಾಗಿ ಕೂತ ಫೈಲುಗಳಲ್ಲಿ ಯಾವುದು ಯಕ್ಷಗಾನ ಪ್ರಸಂಗ, ಯಾವುದು ವಾರ್ಷಿಕ ವರದಿ? ಅದನ್ನು ಹೇಳುವುದೇ ಮೆಟಾಡೇಟಾ. ನಾನು ಅದನ್ನು ಜಾತಕ ಅಂತ ಕರೆಯುತ್ತೇನೆ. ಹುಟ್ಟಿದ್ದು ಎಲ್ಲಿ, ಯಾವಾಗ, ಯಾರ ಮನೆಯಲ್ಲಿ, ಈಗ ಎಲ್ಲಿದೆ, ಎಲ್ಲ ಅದರಲ್ಲಿ ಇರಬೇಕು.

ಜಾತಕ ಬರೆಯಲು ಮೂರು ಪದ್ಧತಿ ಪ್ರಯತ್ನಿಸಿದೆ. ಡಬ್ಲಿನ್ ಕೋರ್, ಮಾರ್ಕ್, ಮಾಡ್ಸ್. ಅದೇ ಇಪ್ಪತ್ತು ಪುಸ್ತಕಗಳನ್ನು ಮೂರರಲ್ಲೂ ಬರೆದು ನೋಡಿದೆ. ಜೊತೆಗೆ ಇಬ್ಬರಿದ್ದರು. ಒಬ್ಬರು ಕಾಲೇಜಿನಲ್ಲಿ ಗ್ರಂಥಪಾಲಕರಾಗಿ ನಿವೃತ್ತರಾದ ಸರ್. ಇನ್ನೊಬ್ಬ ನನ್ನ ಅಣ್ಣನ ಮಗ, ಪೊವಾಯಿಯಲ್ಲಿ ಸಾಫ್ಟ್‌ವೇರ್ ಕೆಲಸ. ಅವನದು ಮೊದಲ ದಿನದಿಂದ ಒಂದೇ ರಾಗ: “ಅತ್ತೆ, ಇದಕ್ಕೆಲ್ಲ ಒಂದು ಎಕ್ಸೆಲ್ ಸಾಕಲ್ವಾ?”

ಮೊದಲು ಡಬ್ಲಿನ್ ಕೋರ್. ಹೆಸರು ಕೇಳಿ ಐರ್ಲೆಂಡಿನದು ಅಂದುಕೊಂಡಿದ್ದೆ. ಅಲ್ಲ. ಅಮೆರಿಕದ ಒಹಾಯೊ ರಾಜ್ಯದಲ್ಲೂ ಒಂದು ಡಬ್ಲಿನ್ ಇದೆ. 1995ರಲ್ಲಿ ಅಲ್ಲಿ ನಡೆದ ಒಂದು ಕಾರ್ಯಾಗಾರದಲ್ಲಿ ಇದರ ಬೀಜ ಬಿತ್ತು. ಒಟ್ಟು ಹದಿನೈದು ಅಂಶ: ಶೀರ್ಷಿಕೆ, ಕರ್ತೃ, ವಿಷಯ, ವಿವರಣೆ, ಪ್ರಕಾಶಕ, ದಿನಾಂಕ, ಭಾಷೆ, ಹಕ್ಕು, ಹೀಗೆ. ಯಾವುದೂ ಕಡ್ಡಾಯವಲ್ಲ, ಯಾವುದನ್ನು ಎಷ್ಟು ಸಲ ಬೇಕಾದರೂ ಬರೆಯಬಹುದು. ಒಮೆಕಾ ಎಂಬ ಉಚಿತ ಸಾಫ್ಟ್‌ವೇರ್‌ನಲ್ಲಿ ಈ ಹದಿನೈದು ಖಾನೆಗಳು ಸಿದ್ಧವಾಗಿಯೇ ಬರುತ್ತವೆ. ತುಂಬುತ್ತಾ ಹೋಗುವುದು ಅಷ್ಟೇ. ಕೈ ಪಳಗಿದ ಮೇಲೆ ಒಂದು ಪುಸ್ತಕಕ್ಕೆ ಏಳೆಂಟು ನಿಮಿಷ. ಸಂಘದ ಮಹಿಳಾ ವಿಭಾಗದ ಮೂವರು ಒಂದೇ ಮಧ್ಯಾಹ್ನದಲ್ಲಿ ಕಲಿತರು.

ಆದರೆ ಎರಡನೇ ವಾರ ಒಂದು ಎಡವಟ್ಟು. ಪಟ್ಟಿಯನ್ನು ಇಸವಿ ಪ್ರಕಾರ ಜೋಡಿಸಿದರೆ ಅರ್ಧ ಪುಸ್ತಕ 1950ರ ಸುತ್ತ, ಇನ್ನರ್ಧ ಈ ವರ್ಷದ್ದು! ನೋಡಿದರೆ, ದಿನಾಂಕದ ಖಾನೆಯಲ್ಲಿ ನಾನು ಪುಸ್ತಕ ಅಚ್ಚಾದ ವರ್ಷ ಬರೆಯುತ್ತಿದ್ದೆ, ಉಳಿದವರು ಸ್ಕ್ಯಾನ್ ಮಾಡಿದ ದಿನ ಬರೆಯುತ್ತಿದ್ದರು. ಅವರದು ತಪ್ಪು ಅನ್ನುವ ಹಾಗೂ ಇಲ್ಲ. ಜಾತಕ ಯಾರದ್ದು? ಕಾಗದದ ಪುಸ್ತಕದ್ದೋ, ಅದರಿಂದ ಹುಟ್ಟಿದ ಪಿಡಿಎಫ್‌ದೋ? ಒಂದು ರೆಕಾರ್ಡ್, ಅಂದರೆ ಒಂದು ಜಾತಕ, ಒಂದೇ ವಸ್ತುವಿನದಾಗಿರಬೇಕು ಅಂತ ಡಬ್ಲಿನ್ ಕೋರ್‌ನವರು ತತ್ವ ಹೇಳುತ್ತಾರೆ. ನಮ್ಮಂಥ ಕಡೆ ಎರಡೂ ಕಲಸುಮೇಲೋಗರ ಆಗಿಯೇ ಆಗುತ್ತದೆ. ನಮಗೆ ಹುಡುಕುವವರು ಮುಖ್ಯ. ಅವರು ಕೇಳುವುದು ಪುಸ್ತಕದ ವರ್ಷ. ಸ್ಕ್ಯಾನ್ ಮಾಡಿದ ದಿನಕ್ಕೆ ಬೇರೆ ಖಾನೆ ಮಾಡಿಕೊಂಡೆವು.

ಇನ್ನು ಆ ದೀಪಾವಳಿ ಸಂಚಿಕೆಯ ವರ್ಷ. ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. ವಿಜಯ ಅಂದರೆ 1893 ಆಗಬಹುದು, 1953 ಆಗಬಹುದು, 2013 ಆಗಬಹುದು. ಆಣೆ ಇದೆ, ಅಂದರೆ 1957ರ ಏಪ್ರಿಲ್‌ನಲ್ಲಿ ನಯಾ ಪೈಸೆ ಬರುವುದಕ್ಕಿಂತ ಮೊದಲಿನದು. ಒಳಗೆ ಸ್ವಾತಂತ್ರ್ಯೋತ್ಸವದ ಫೋಟೊ ಇದೆ, ಆದ್ದರಿಂದ 1893 ಅಲ್ಲ. ಉಳಿದದ್ದು 1953. ದೀಪಾವಳಿ ಆಗಿದ್ದಕ್ಕೆ ಬಚಾವ್. ಶಿವರಾತ್ರಿ ಸಂಚಿಕೆ ಆಗಿದ್ದರೆ ಅದೇ ವಿಜಯ ಸಂವತ್ಸರ 1954ಕ್ಕೆ ಬೀಳುತ್ತಿತ್ತು. ಯುಗಾದಿ ಮತ್ತು ಜನವರಿ ಒಂದರ ರಗಳೆ ಇದು.

ಇಷ್ಟು ಪತ್ತೇದಾರಿ ಮಾಡಿ ಡಬ್ಲಿನ್ ಕೋರ್‌ನಲ್ಲಿ ಬರೆದದ್ದೇನು? ‘1953’. ಅದು ಪುಸ್ತಕದ ಮೇಲೇ ಅಚ್ಚಾಗಿತ್ತೋ, ನಾನು ಲೆಕ್ಕ ಹಾಕಿದ್ದೋ ಹೇಳಲು ಅಲ್ಲಿ ಜಾಗವಿಲ್ಲ. ವಿವರಣೆಯ ಖಾನೆಯಲ್ಲಿ ಒಂದು ಸಾಲು ಸೇರಿಸಿದೆ.

ಸರ್‌ಗೆ ಇದೆಲ್ಲ ಹಿಡಿಸಲಿಲ್ಲ. “ಅಕ್ಕಾ, ಡಬ್ಲಿನ್ ಕೋರ್ ಅಂದ್ರೆ ಉಪ್ಪಿಟ್ಟು. ಬೇಗ ಆಗುತ್ತೆ, ಹೊಟ್ಟೆ ತುಂಬುತ್ತೆ. ಮದುವೆ ಊಟಕ್ಕೆ ಆಗಲ್ಲ” ಅಂದರು. ಅವರ ಮದುವೆ ಊಟ ಮಾರ್ಕ್.

1960ರ ದಶಕದಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಹೆನ್ರಿಯೆಟ್ ಆವ್ರಮ್ ಎಂಬ ಪ್ರೋಗ್ರಾಮರ್ ಇದನ್ನು ಕಟ್ಟಿದರು. ಆಕೆ ಗ್ರಂಥಾಲಯ ವಿಜ್ಞಾನ ಓದಿದವರಲ್ಲ ಅಂತ ತಿಳಿದು ನನಗೆ ಸ್ವಲ್ಪ ಧೈರ್ಯ ಬಂತು. ಧೈರ್ಯ ಜಾಸ್ತಿ ಹೊತ್ತು ಉಳಿಯಲಿಲ್ಲ. ಮಾರ್ಕ್‌ನಲ್ಲಿ ಎಲ್ಲಕ್ಕೂ ನಂಬರು. ಕರ್ತೃ 100, ಶೀರ್ಷಿಕೆ 245, ಪ್ರಕಾಶನ 264, ವಿಷಯ 650. ನಂಬರಿನ ಮುಂದೆ ಎರಡು ಸಣ್ಣ ಅಂಕಿ, ಅದರ ಮುಂದೆ ಡಾಲರ್ ಚಿಹ್ನೆ, ಅದರ ಮುಂದೆ ಒಂದು ಅಕ್ಷರ. 245ರ ಆ ಎರಡು ಸಣ್ಣ ಅಂಕಿಗಳಲ್ಲಿ ಎರಡನೆಯದು ಇರುವುದು ಇಂಗ್ಲಿಷಿನ ‘ದಿ’, ‘ಎ’ಗಳನ್ನು ಬಿಟ್ಟು ಅಕಾರಾದಿಯಲ್ಲಿ ಜೋಡಿಸಲಿಕ್ಕೆ. ನಮಗೆ ಅದರ ಕೆಲಸವೇ ಇಲ್ಲ, ಸುಮ್ನೆ ಸೊನ್ನೆ ಒತ್ತುತ್ತಾ ಹೋದೆ. ಕೋಹಾ ಎಂಬ ಉಚಿತ ಸಾಫ್ಟ್‌ವೇರ್‌ನಲ್ಲಿ ಮಾಡಿದ್ದು. ನ್ಯೂಜಿಲೆಂಡಿನ ಒಂದು ಜಿಲ್ಲೆಯ ಗ್ರಂಥಾಲಯಗಳಿಗಾಗಿ ಹುಟ್ಟಿದ್ದು ಅದು. ಮಾವೊರಿ ಭಾಷೆಯಲ್ಲಿ ಕೋಹಾ ಅಂದರೆ ಉಡುಗೊರೆ. ಒಂದು ರೆಕಾರ್ಡಿಗೆ ಇಪ್ಪತ್ತೈದು ನಿಮಿಷ ಕಮ್ಮಿ ಇಲ್ಲ.

ಆದರೂ ಎರಡು ಕಡೆ ಮಾರ್ಕ್‌ಗೆ ಕೈಮುಗಿದೆ. ಒಂದು, ಹೆಸರುಗಳು. ನಮ್ಮಲ್ಲಿ ಬೇಂದ್ರೆಯವರ ಪುಸ್ತಕಗಳಿವೆ. ಒಂದರ ಮೇಲೆ ದ. ರಾ. ಬೇಂದ್ರೆ, ಇನ್ನೊಂದರ ಮೇಲೆ ಅಂಬಿಕಾತನಯದತ್ತ. ಒಮೆಕಾದಲ್ಲಿ ಅಚ್ಚಾದಂತೆಯೇ ಬರೆದಿದ್ದೆವು. ‘ಬೇಂದ್ರೆ’ ಅಂತ ಹುಡುಕಿದರೆ ಅರ್ಧ ಸಿಗಲೇ ಇಲ್ಲ. ಕೋಹಾದಲ್ಲಿ ಹೆಸರಿಗೇ ಪ್ರತ್ಯೇಕ ರೆಕಾರ್ಡ್ ಮಾಡಬಹುದು: ಈ ಕಾವ್ಯನಾಮ, ಆ ಹೆಸರು, ಇಬ್ಬರೂ ಒಬ್ಬರೇ. ಒಮ್ಮೆ ಮಾಡಿದರೆ ಎಲ್ಲ ಪುಸ್ತಕಕ್ಕೂ ಅಂಟಿಕೊಳ್ಳುತ್ತದೆ. ಇನ್ನೊಂದು, ಪುಸ್ತಕ ಯಾರ ಕೈಯಿಂದ ಬಂತು ಅನ್ನುವುದಕ್ಕೆ 541, 561 ಅಂತ ಬೇರೆಯೇ ಜಾಗ. ಪುಸ್ತಕ ಕೊಟ್ಟ ಮನೆಯವರು ಬಂದು ತಮ್ಮ ಅಜ್ಜನ ಹೆಸರು ತೆರೆಯ ಮೇಲೆ ನೋಡಿದಾಗ ಆ ಖಾನೆಯ ಬೆಲೆ ಗೊತ್ತಾಯಿತು.

ಸಿಟ್ಟು ಬಂದದ್ದು 880ರ ಮೇಲೆ. ಸರ್ ಕಲಿತ ಕ್ರಮದಲ್ಲಿ 245ರಲ್ಲಿ ರೋಮನ್ ಲಿಪಿಯಲ್ಲಿ ಶೀರ್ಷಿಕೆ ಬರೆಯಬೇಕು, ತಲೆಯ ಮೇಲೆ ಗೆರೆ, ಕಾಲಡಿ ಚುಕ್ಕೆ ಎಲ್ಲ ಹಾಕಿ. ಕನ್ನಡ ಲಿಪಿ ಹೋಗುವುದು 880ಕ್ಕೆ, ಕೊನೆಯಲ್ಲಿ. ಕನ್ನಡ ಪುಸ್ತಕದ ಕನ್ನಡ ಹೆಸರು ಹಿಂಬಾಗಿಲಿನಿಂದ ಬರಬೇಕಾ? ಕೋಹಾ ಎಲ್ಲ ಲಿಪಿಗಳಿಗೂ ಜಾಗ ಇರುವ ಯೂನಿಕೋಡ್ ಒಪ್ಪುತ್ತದೆ, 245ರಲ್ಲೇ ಕನ್ನಡ ಬರೆದರೂ ನಡೆಯುತ್ತದೆ. ನಾವು ಹಾಗೇ ಬರೆದೆವು. ಸರ್ ಮುಖ ಸಣ್ಣ ಮಾಡಿಕೊಂಡರು, ಎರಡು ಭಾನುವಾರ ಚಹಾಕ್ಕೂ ನಿಲ್ಲಲಿಲ್ಲ.

ಲಿಪಿಯ ವಿಷಯದಲ್ಲಿ ಮಾಡ್ಸ್ ನನಗೆ ತುಂಬಾ ಹಿಡಿಸಿತು. ಇದೂ ಲೈಬ್ರರಿ ಆಫ್ ಕಾಂಗ್ರೆಸ್‌ನದೇ, 2002ರದು. ಮಾರ್ಕ್‌ನ ತಮ್ಮ ಅನ್ನಬಹುದು. ನಂಬರಿನ ಬದಲು ಓದಿದರೆ ಅರ್ಥವಾಗುವ ಪದಗಳು. ಒಂದು ಶೀರ್ಷಿಕೆ ಕನ್ನಡದಲ್ಲಿ, ಇನ್ನೊಂದು ರೋಮನ್‌ನಲ್ಲಿ, ಎರಡೂ ಪಕ್ಕಪಕ್ಕ ಅಣ್ಣತಮ್ಮಂದಿರ ಹಾಗೆ. ಎರಡೂ ಒಂದೇ ಅಂತ ಜೋಡಿಸುವ ಗುರುತೂ ಇದೆ. ವರ್ಷದ ಪಕ್ಕದಲ್ಲಿ ‘ಊಹಿಸಿದ್ದು’, ‘ಸುಮಾರು’, ‘ಸಂಶಯ’ ಅಂತ ನಮೂದಿಸಬಹುದು. ನನ್ನ 1953ಕ್ಕೆ ಕೊನೆಗೂ ನ್ಯಾಯ ಸಿಕ್ಕಿತು.

ಸ್ಮರಣ ಸಂಚಿಕೆಗಳಿಗಂತೂ ಮಾಡ್ಸ್ ಹೇಳಿ ಮಾಡಿಸಿದ ಹಾಗಿದೆ. ಒಂದು ಸಂಚಿಕೆ ಅಂದರೆ ಒಂದು ಪುಸ್ತಕ ಅಲ್ಲವಲ್ಲ. ಅದರಲ್ಲಿ ಕವನ, ನಾಟಕದ ವಿಮರ್ಶೆ, ರಾತ್ರಿ ಶಾಲೆಯ ಫಲಿತಾಂಶ, ಮತ್ತೆ ಜಾಹೀರಾತು. ಜಾಹೀರಾತು ಅಂತ ಹಗುರ ಮಾಡಬೇಡಿ. ನಮ್ಮ ದೀಪಾವಳಿ ಸಂಚಿಕೆಯ ಕೊನೆಯ ಹನ್ನೊಂದು ಪುಟ ಬರೀ ಜಾಹೀರಾತು: ಕೋಟೆ ಭಾಗದ ಉಡುಪಿ ಹೋಟೆಲುಗಳು, ಒಬ್ಬ ದರ್ಜಿ, ಒಂದು ಅಗರಬತ್ತಿ, ಮಂಗಳೂರಿಗೆ ಹೋಗುವ ಹಡಗಿನ ಟಿಕೆಟ್ ಏಜೆಂಟ್. ಹಗಲು ಹೋಟೆಲಿನಲ್ಲಿ ಲೋಟ ತೊಳೆದು ರಾತ್ರಿ ಶಾಲೆಯಲ್ಲಿ ಓದಿದ ಹುಡುಗರ ಚರಿತ್ರೆ ಹುಡುಕಿಕೊಂಡು ಬಂದವರಿಗೆ ಸಂಪಾದಕೀಯಕ್ಕಿಂತ ಈ ಪುಟಗಳೇ ಬೇಕು. ಮಾಡ್ಸ್‌ನಲ್ಲಿ ಪ್ರತಿ ಬರಹಕ್ಕೂ ಅದರದೇ ರೆಕಾರ್ಡ್ ಕೊಟ್ಟು ‘ಇದು ಇಂಥ ಸಂಚಿಕೆಯ ಒಳಗಿದೆ’ ಅಂತ ಕಟ್ಟಬಹುದು. ಮಾರ್ಕ್‌ನಲ್ಲೂ 773 ಇದೆ, ಆದರೆ ಇಷ್ಟು ಸಲೀಸಲ್ಲ.

ಬೆಲೆ? ಎಕ್ಸ್‌ಎಂಎಲ್, ಅಂದರೆ ಪ್ರತಿ ಮಾಹಿತಿಯ ಹಿಂದೆ ಮುಂದೆ ಗುರುತು ಹಾಕಿ ಬರೆಯುವ ಕ್ರಮ. ಒಂದು ಕಡೆ ಓರೆಗೆರೆ ಬಿಟ್ಟುಹೋದರೆ ಇಡೀ ಫೈಲೇ ತೆರೆಯುವುದಿಲ್ಲ. ಒಂದು ರಾತ್ರಿ ಒಂದೂವರೆ ಗಂಟೆ ಹುಡುಕಿ ಸಿಕ್ಕದೆ ಪೊವಾಯಿಯ ಸೋದರಳಿಯನಿಗೆ ಫೋನ್ ಮಾಡಿದೆ. ಅವನು ಎರಡು ನಿಮಿಷದಲ್ಲಿ ಹಿಡಿದ. ಸಂಘದಲ್ಲಿ ಬೇರೆ ಯಾರೂ ಮಾಡ್ಸ್ ಮುಟ್ಟಲಿಲ್ಲ.

ಒಂದು ತೊಂದರೆ ಮಾತ್ರ ಮೂರರಲ್ಲೂ ಒಂದೇ. ‘ಸಂಘ’ ಅಂತ ಹುಡುಕಿದರೆ ಕೆಲವು ವರದಿಗಳು ಬರುತ್ತಲೇ ಇರಲಿಲ್ಲ. ಕಣ್ಣಿಗೆ ಎಲ್ಲ ಸರಿಯಾಗಿಯೇ ಕಾಣುತ್ತಿತ್ತು. ಅಳಿಯ ಅಕ್ಷರಗಳನ್ನು ಬಿಡಿಸಿ ನೋಡಿದಾಗ ಸಿಕ್ಕಿದ್ದು: ಯಾರೋ ಅನುಸ್ವಾರದ ಬದಲು ಕನ್ನಡದ ಸೊನ್ನೆ ಒತ್ತಿದ್ದರು. ‘ಸಂಘ’ ಮತ್ತು ‘ಸ೦ಘ’. ನೋಡಿ, ವ್ಯತ್ಯಾಸ ಗೊತ್ತಾಗುತ್ತದಾ? ಕಂಪ್ಯೂಟರಿಗೆ ಗೊತ್ತಾಗುತ್ತದೆ. ಊರಿನ ಹೆಸರೂ ಹಾಗೇ. ಮುಂಬಯಿ, ಮುಂಬೈ, ಬೊಂಬಾಯಿ, ಬಾಂಬೆ, ನಾಲ್ಕೂ ನಮ್ಮ ಪಟ್ಟಿಯಲ್ಲಿ ನಾಲ್ಕು ಬೇರೆ ಊರುಗಳಾಗಿದ್ದವು. ಇದಕ್ಕೆ ಮದ್ದು ಅಳಿಯನ ಎಕ್ಸೆಲ್. ಊರು, ವಿಷಯ, ಭಾಷೆಗಳನ್ನು ಟೈಪ್ ಮಾಡುವ ಹಾಗೇ ಇಲ್ಲ, ಪಟ್ಟಿಯಿಂದ ಆರಿಸಬೇಕು. ಮುಖಪುಟದ ‘ಬೊಂಬಾಯಿ’ಯನ್ನು ವಿವರಣೆಯಲ್ಲಿ ಇದ್ದಂತೆಯೇ ಉಳಿಸಿಕೊಂಡೆವು. ಅದನ್ನು ತಿದ್ದಲು ಮನಸ್ಸಾಗಲಿಲ್ಲ.

ಗುದ್ದಾಟ ಮುಗಿಸಿದ್ದು ಸರ್ ಹೇಳಿದ ಒಂದು ಮಾತು. ನಾಳೆ ದೊಡ್ಡ ಡಿಜಿಟಲ್ ಗ್ರಂಥಾಲಯಗಳು ನಮ್ಮ ರೆಕಾರ್ಡುಗಳನ್ನು ಕೊಯ್ಲು ಮಾಡಿಕೊಂಡು ಹೋಗಬೇಕಾದರೆ ಕಂಪ್ಯೂಟರುಗಳ ನಡುವೆ ಸಾಮಾನ್ಯವಾಗಿ ಬಳಸುವ ಒಪ್ಪಂದದಲ್ಲಿ (ಪ್ರೋಟೊಕಾಲ್) ಕನಿಷ್ಠ ಡಬ್ಲಿನ್ ಕೋರ್ ರೂಪ ಕೊಡಲೇಬೇಕು. ಮನೆಯೊಳಗೆ ಏನೇ ಬಳಸಿ, ಬಾಗಿಲಲ್ಲಿ ಉಪ್ಪಿಟ್ಟೇ! ಹೇಳುವಾಗ ಅವರಿಗೂ ನಗು ಬಂತು. ನನ್ನ ಮಾಡ್ಸ್ ರೆಕಾರ್ಡನ್ನು ಡಬ್ಲಿನ್ ಕೋರ್‌ಗೆ ಇಳಿಸಿ ನೋಡಿದೆವು. ‘ಊಹಿಸಿದ್ದು’ ಮಾಯ. ಸಂಪಾದಕ ಯಾರು, ಮುದ್ರಕ ಯಾರು ಅನ್ನುವ ಭೇದವೂ ಮಾಯ.

ಹಾಗಾಗಿ ಈಗ ಪುಸ್ತಕ, ವರದಿ, ಪ್ರಸಂಗ ಎಲ್ಲ ಡಬ್ಲಿನ್ ಕೋರ್‌ನಲ್ಲಿ, ಒಮೆಕಾದಲ್ಲಿ. ಮಾರ್ಕ್‌ನಿಂದ ಕದ್ದ ಎರಡು ಖಾನೆ ಹೆಚ್ಚಿಗೆ ಇದೆ: ಕೊಟ್ಟವರು ಯಾರು, ಕರ್ತೃವಿನ ಇತರ ಹೆಸರು. ಕೋಹಾ ಸಾಲ ಕೊಡುವ ಪುಸ್ತಕಗಳಿಗೆ ಮಾತ್ರ, ಅದು ಸರ್‌ನ ಸಾಮ್ರಾಜ್ಯ. ಸ್ಮರಣ ಸಂಚಿಕೆಗಳಿಗೆ ಮಾತ್ರ ನಾನು ಹಟ ಹಿಡಿದು ಮಾಡ್ಸ್ ಬರೆಯುತ್ತಿದ್ದೇನೆ, ತಿಂಗಳಿಗೆ ಎರಡೋ ಮೂರೋ.

ಈ ವಾರ ಮೇಜಿನ ಮೇಲಿರುವುದು ಒಂದು ತುಳು ನಾಟಕ. ಮಾರ್ಕ್‌ನ ಭಾಷಾ ಸಂಕೇತಗಳ ಪಟ್ಟಿಯಲ್ಲಿ ತುಳುವಿಗೆ ಸ್ವಂತ ಸಂಕೇತವಿಲ್ಲ, ‘ಇತರ ದ್ರಾವಿಡ’ದಲ್ಲಿ ಸೇರಿಸಿದ್ದಾರೆ. ಮಾಡ್ಸ್‌ನಲ್ಲಿ ಹೊಸ ಪಟ್ಟಿಯ ಮೂರಕ್ಷರದ ತುಳು ಸಂಕೇತ ಹಾಕಬಹುದು. ಸರ್ ಕುಂದಾಪುರದವರು, ಮನೆಯಲ್ಲಿ ಕುಂದಗನ್ನಡ. ಅವರ ಹೆಂಡತಿ ಮೂಲ್ಕಿಯವರು, ತುಳು ಮಾತಾಡುವವರು. ‘ಇತರ’ ಅಂತ ಬರೆದದ್ದನ್ನು ಅವರಿಗೆ ತೋರಿಸುವ ಧೈರ್ಯ ಸರ್‌ಗೂ ಇಲ್ಲ, ನನಗೂ ಇಲ್ಲ.