ಕರೆಂಟ್ ಚಿಕಿತ್ಸೆ ನಡೆಯುವಾಗ ವಿಟಮಿನ್ ಇ ಮಾತ್ರೆ ಬೇಡ

ಬಾಯಿ, ಗಂಟಲಿನ ಕ್ಯಾನ್ಸರಿಗೆ ರೇಡಿಯೇಶನ್ (ಕರೆಂಟ್) ತಗೊಳ್ಳುತ್ತಿರುವವರನ್ನು ನೋಡಲು ಬಂದವರು 'ಶಕ್ತಿ ಬರಲಿ' ಅಂತ ಒಂದೊಂದು ಡಬ್ಬಿ ಕೊಟ್ಟು ಹೋಗುತ್ತಾರೆ. ಅದರಲ್ಲಿ ಮೊದಲು ತೆಗೆದಿಡಬೇಕಾದ್ದು ವಿಟಮಿನ್ ಇ 400. ಕೂದಲಿಗೆ, ಚರ್ಮಕ್ಕೆ ಒಳ್ಳೇದು ಅಂತ ಚೀಟಿ ಇಲ್ಲದೆಯೇ ಮೆಡಿಕಲ್ ಶಾಪಿನಲ್ಲಿ ಕೊಡುವ ಹಸಿರು ಕ್ಯಾಪ್ಸೂಲ್.

ಕೆನಡಾದ ಕ್ವಿಬೆಕ್‌ನಲ್ಲಿ ಇದೇ ಅಳತೆಯನ್ನು ಪರೀಕ್ಷಿಸಿದ್ದಾರೆ. ತಲೆ-ಕುತ್ತಿಗೆ ಕ್ಯಾನ್ಸರಿನ 540 ರೋಗಿಗಳಲ್ಲಿ ಅರ್ಧದಷ್ಟು ಜನಕ್ಕೆ ರೇಡಿಯೇಶನ್ ಜೊತೆಗೇ ದಿನಕ್ಕೆ 400 ಯೂನಿಟ್ ವಿಟಮಿನ್ ಇ ಕೊಟ್ಟರು. ಶುರುವಿನಲ್ಲಿ ಬೀಟಾ ಕ್ಯಾರೋಟಿನ್ (ದೇಹದಲ್ಲಿ ವಿಟಮಿನ್ ಎ ಆಗುವ ಅಂಶ) ಕೂಡ ಇತ್ತು. 2005ರಿಂದ ಫಲಿತಾಂಶಗಳು ಒಂದೊಂದಾಗಿ ಬಂದಾಗ, ಎರಡನ್ನೂ ತಗೊಂಡವರಲ್ಲಿ ಚಿಕಿತ್ಸೆಯ ತೀವ್ರ ಅಡ್ಡಪರಿಣಾಮ ಕಡಿಮೆ ಇತ್ತು. ಆದರೆ ಮಾತ್ರೆಯ ಗುಂಪಿನಲ್ಲಿ ಸಾವು ಹೆಚ್ಚು. ಗಡ್ಡೆ ಅದೇ ಜಾಗದಲ್ಲಿ ಮರುಕಳಿಸುವುದೂ ಹೆಚ್ಚಿದಂತೆ ಕಂಡಿತು. ಚಿಕಿತ್ಸೆ ವೇಳೆಯೂ ಸಿಗರೇಟು ಬಿಡದವರಲ್ಲೇ ಹಾನಿ ಎದ್ದು ಕಂಡದ್ದು. ಮೋಸ ಇರುವುದೇ ಇಲ್ಲಿ: ರೋಗಿಗೆ ಹಾಯೆನಿಸುತ್ತದೆ, ಮನೆಯವರು 'ಮಾತ್ರೆ ಹಿಡಿಸಿತು' ಅಂತ ಇನ್ನೊಂದು ಪಟ್ಟಿ ತರುತ್ತಾರೆ.

ಕಿರಣವು ಜೀವಕೋಶದೊಳಗಿನ ನೀರನ್ನು ಒಡೆದು ಫ್ರೀ ರ‍್ಯಾಡಿಕಲ್ ಎಂಬ ಚುರುಕು ಕಣಗಳನ್ನು ಹುಟ್ಟಿಸುತ್ತದೆ. ಡಿಎನ್‌ಎ ಕತ್ತರಿಸುವ ಕೆಲಸದಲ್ಲಿ ಹೆಚ್ಚು ಪಾಲು ಅವುಗಳದ್ದು. ವಿಟಮಿನ್ ಇಯಂಥ ಆಂಟಿಆಕ್ಸಿಡೆಂಟ್ ಅವನ್ನೇ ತಣಿಸುತ್ತದೆ. ಬಾಯಿಯ ಚರ್ಮವನ್ನು ಕಾಪಾಡಿದ ಮಾತ್ರೆ ಗಡ್ಡೆಯನ್ನೂ ಕಾಪಾಡೀತು ಎಂಬುದೇ ಆತಂಕ.

ಹಾಗಂತ ಸಾರಿಗೆ ಹಾಕುವ ಅರಿಶಿನ, ಊಟದ ಸೊಪ್ಪು-ಹಣ್ಣು ಬಿಡಬೇಕಿಲ್ಲ (ಹುಣ್ಣಿದ್ದಾಗ ಹುಳಿ ಉರಿಯುತ್ತದೆ, ಅದು ಬೇರೆ ಮಾತು). ತೊಂದರೆ ಇರುವುದು ಗಟ್ಟಿ ಡೋಸಿನಲ್ಲಿ. ದಿನಕ್ಕೆ 80 ಮಿ.ಗ್ರಾಂ ಸಾಕಾಗುವ ವಿಟಮಿನ್ ಸಿ ಒಂದು ಚೀಪುವ ಮಾತ್ರೆಯಲ್ಲಿ 500 ಇರುತ್ತದೆ. ಕರಿಮೆಣಸಿನ ಸಾರ ಸೇರಿಸಿದ ಕರ್ಕ್ಯುಮಿನ್ (ಅರಿಶಿನದ ಸಾರ) ಮತ್ತು ಅಶ್ವಗಂಧದ ಕ್ಯಾಪ್ಸೂಲ್‌ಗಳಿಂದ ಕೆಲವರ ಲಿವರ್ ಕೆಟ್ಟಿದ್ದೂ ಇದೆ; ಕೀಮೋ ಕೂಡ ನಡೆಯುತ್ತಿದ್ದರೆ, ರಕ್ತಪರೀಕ್ಷೆ ಏರುಪೇರಾಗಿ ಆ ವಾರದ ಡೋಸೇ ನಿಲ್ಲಬಹುದು. ಪ್ರೋಟೀನ್ ಪುಡಿಯ ಡಬ್ಬಿಯ ಹಿಂಬದಿಯನ್ನೂ ಓದಿ: ಇ, ಸಿ, ಸೆಲೆನಿಯಂ ಎಷ್ಟಿದೆ ನೋಡಿ. ರಕ್ತಪರೀಕ್ಷೆ ನೋಡಿ ಡಾಕ್ಟರೇ ಬರೆದ ಬಿ12, ಡಿ, ಕಬ್ಬಿಣದ ಮಾತ್ರೆಗಳನ್ನು ಮಾತ್ರ ನೀವಾಗಿ ನಿಲ್ಲಿಸಬೇಡಿ.

ವಾರದ ತಪಾಸಣೆಗೆ ಹೋಗುವಾಗ ಮನೆಯಲ್ಲಿರುವ ಎಲ್ಲ ಡಬ್ಬಿ, ಪುಡಿ, ಕಷಾಯದ ಬಾಟಲಿಗಳನ್ನು ಚೀಲಕ್ಕೆ ಹಾಕಿಕೊಂಡು ಹೋಗಿ. 'ಏನೂ ತಗೊಳ್ತಿಲ್ಲ ಸಾರ್' ಅನ್ನುವವರ ಕೈಚೀಲದಲ್ಲೇ ಇವು ಇರುತ್ತವೆ.

ಶಕ್ತಿ ಬರಬೇಕಾದ್ದು ಪ್ರೋಟೀನಿನಿಂದ. ದೇಹತೂಕದ ಕಿಲೋಗೆ ದಿನಕ್ಕೆ 1.2ರಿಂದ 1.5 ಗ್ರಾಂ, ಅಂದರೆ 60 ಕಿಲೋ ಇರುವವರಿಗೆ 72–90 ಗ್ರಾಂ. ಒಂದು ಮೊಟ್ಟೆಯಲ್ಲಿ ಸಿಗುವುದು 6 ಗ್ರಾಂ, ಹಾಗಾಗಿ ಬರೀ ಗಂಜಿ ಸಾಲದು. ತೂಕ ಇಳಿದರೆ, ರೇಡಿಯೇಶನ್ ವೇಳೆ ತಲೆ ಅಲುಗದಂತೆ ಹಾಕುವ ಮುಖದ ಮಾಸ್ಕ್ ಸಡಿಲವಾಗುತ್ತದೆ. ಕಿರಣ ಗುರಿ ತಪ್ಪದಿರಲು ಹೊಸ ಮಾಸ್ಕ್, ಹೊಸ ಸ್ಕ್ಯಾನ್ ಬೇಕಾಗಬಹುದು. ಎರಡು ಮೂರನೇ ವಾರದಲ್ಲಿ ನುಂಗುವುದು ಕಷ್ಟವಾದ ಕೂಡಲೇ ಡಯಟೀಶಿಯನ್‌ಗೆ ಹೇಳಿ, ಮೂಗಿನ ಮೂಲಕ ಆಹಾರ ಕೊಡುವ ನಳಿಕೆಯ ಮಾತು ಬಂದರೆ ಹೆದರಿ ಮುಂದೂಡಬೇಡಿ.